ಹಳೆಯ ಗೇಮಿಂಗ್ ಪಿಸಿಗೆ ಯಾವ ಪ್ರೊಸೆಸರ್? ಅಂಗಡಿಗೆ ಹೋಗುವ ಮೊದಲು ಬೋರ್ಡು ನೋಡಿ

2018ರಿಂದ 2020ರ ನಡುವೆ ಕಡಿಮೆ ಖರ್ಚಿನಲ್ಲಿ ಜೋಡಿಸಿದ ಗೇಮಿಂಗ್ ಪಿಸಿಗಳೆಲ್ಲ ಈಗ ಒಂದೇ ಬಗೆಯ ಕಾಯಿಲೆ ತೋರಿಸುತ್ತಿವೆ. ಹೊಸ ಆಟ ತೆರೆದರೆ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಪರವಾಗಿಲ್ಲ, ಆದರೆ ಗುಂಡು ಹಾರಿಸುವ ಹೊತ್ತಿಗೇ ಚಿತ್ರ ತಡೆದು ನಿಲ್ಲುತ್ತದೆ. ಹಿಂದೆ ಡಿಸ್ಕಾರ್ಡ್, ಕ್ರೋಮ್ ತೆರೆದಿದ್ದರಂತೂ ಆಟವೇ ಬೇಡ ಅನಿಸುತ್ತದೆ. ಒಳಗಿರುವುದು ಹೆಚ್ಚಾಗಿ ರೈಜನ್ 3 2200ಜಿ, ರೈಜನ್ 5 1600 ಅಥವಾ 2600. ಇಂಟೆಲ್ ಆದರೆ ಐ3-8100 ಅಥವಾ ಐ5-9400ಎಫ್. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದವರೆಗೆ ಈ ಪಿಸಿಗಳ ಒಡೆಯರು ಕೇಳುವುದೂ ಹೆಚ್ಚುಕಡಿಮೆ ಒಂದೇ: ರೈಜನ್ 5 5500 ಸಾಕಾ, 5600 ಬೇಕಾ, ಇಲ್ಲ ಮದರ್‌ಬೋರ್ಡು ಸಮೇತ ಬದಲಿಸಿ ಐ5-12400ಎಫ್‌ಗೆ ಹೋಗುವುದಾ? ದುಬೈಯಲ್ಲಿರುವ ಭಾವ ರಜೆಗೆ ಬರುವಾಗ ರೈಜನ್ 7 5700ಎಕ್ಸ್3ಡಿ ತರುತ್ತೇನೆ ಅಂದಿದ್ದಾರೆ, ತರಿಸುವುದಾ?

ಇದಕ್ಕೆ ಉತ್ತರ ಹೇಳಬೇಕಾದರೆ ಮೂರು ಸಂಗತಿ ಗೊತ್ತಿರಬೇಕು: ಬೋರ್ಡಿನ ಪೂರ್ತಿ ಹೆಸರು, ಗ್ರಾಫಿಕ್ಸ್ ಕಾರ್ಡಿನ ಹೆಸರು, ಮಾನಿಟರ್ ಎಷ್ಟು ಹರ್ಟ್ಸ್‌ನದು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು) ಎಂಬುದು. ಈ ಮೂರು ಗೊತ್ತಿಲ್ಲದೆ ಯಾರಾದರೂ ಪ್ರೊಸೆಸರ್ ಹೆಸರು ಹೇಳಿಬಿಟ್ಟರೆ ನಂಬಬೇಡಿ.

ತಪ್ಪು ಪ್ರೊಸೆಸರಿನದೇ ಹೌದಾ?

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಹಾಕಿಕೊಳ್ಳಿ, ಎರಡೂ ಉಚಿತ. ಪರದೆಯ ಮೂಲೆಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಳಕೆ, ಪ್ರೊಸೆಸರಿನ ಪ್ರತಿ ಥ್ರೆಡ್ಡಿನ (ಅದು ಒಟ್ಟಿಗೇ ನಡೆಸುವ ಕೆಲಸದ ಒಂದೊಂದು ಸಾಲು) ಬಳಕೆ, ಎರಡರ ತಾಪಮಾನ, ರ‍್ಯಾಮ್ ಬಳಕೆ ಕಾಣುವ ಹಾಗೆ ಮಾಡಿ. ವಿ-ಸಿಂಕ್ (ಚಿತ್ರಗಳ ವೇಗವನ್ನು ಮಾನಿಟರಿನ ಹರ್ಟ್ಸ್‌ಗೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ತೆಗೆದು, ನೀವು ನಿಜವಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ. ಗ್ರಾಫಿಕ್ಸ್ ಕಾರ್ಡು 95 ಶೇಕಡಾ ದಾಟಿ ಅಲ್ಲೇ ನಿಂತಿದ್ದರೆ ದುಡಿದು ಸುಸ್ತಾಗಿರುವುದು ಕಾರ್ಡು. ಪ್ರೊಸೆಸರ್ ಬದಲಿಸಿದರೆ ಹಣ ಹೋಗುತ್ತದೆ, ಎಫ್‌ಪಿಎಸ್ ಬರುವುದಿಲ್ಲ. ಕಾರ್ಡು 60–75ರಲ್ಲಿ ತೂಗಾಡುತ್ತ, ಒಂದೆರಡು ಥ್ರೆಡ್ಡುಗಳು ತುಂಬಿ ತುಳುಕುತ್ತಿದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ ಎಂದರ್ಥ.

ಟಾಸ್ಕ್ ಮ್ಯಾನೇಜರಿನ ಒಟ್ಟು ಶೇಕಡಾ ನೋಡಿ ಮೋಸಹೋಗುವವರು ಬಹಳ. ಎಂಟು ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು 12.5 ಶೇಕಡಾ ಮಾತ್ರ. ಆಟದ ಮುಖ್ಯ ಕೆಲಸ ಆ ಒಂದೇ ಥ್ರೆಡ್ಡಿನ ಮೇಲೆ ಬಿದ್ದಿರಬಹುದು. ಅನುಮಾನ ಉಳಿದರೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದರೆ ಅಡ್ಡಿ ಇದ್ದದ್ದು ಕಾರ್ಡಿನಲ್ಲಿ. ಅಲ್ಲಾಡದಿದ್ದರೆ ಪ್ರೊಸೆಸರಿನಲ್ಲಿ, ಅಥವಾ ಅದಕ್ಕೆ ಅನ್ನ ಹಾಕುವ ರ‍್ಯಾಮಿನಲ್ಲಿ.

ರ‍್ಯಾಮಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಕಾಲದ ಬಜೆಟ್ ಪಿಸಿಗಳಿಗೆ 8 ಜಿಬಿಯ ಒಂದೇ ಕಡ್ಡಿ ಹಾಕಿ ಕೊಡುತ್ತಿದ್ದರು. ಒಂದೇ ಕಡ್ಡಿ ಎಂದರೆ ಒಂದೇ ಚಾನೆಲ್, ಅಂದರೆ ಅರ್ಧ ದಾರಿ ಮುಚ್ಚಿದಂತೆ. ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸಿನಲ್ಲಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡದೆ ಬಿಟ್ಟಿದ್ದರೆ 3200ರ ಕಡ್ಡಿಯೂ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಅದೇ ಅಳತೆಯ ಎರಡನೆಯ ಕಡ್ಡಿ ಸೇರಿಸಿ 16 ಜಿಬಿ ಮಾಡಿ, ಎಕ್ಸ್‌ಎಂಪಿ ಆನ್ ಮಾಡಿ, ಮತ್ತೆ ಅಳೆಯಿರಿ. ಎಷ್ಟೋ ಪಿಸಿಗಳ ತಡೆತಡೆ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಕಳ್ಳ, ಶಾಖ. ನಮ್ಮ ಕರಾವಳಿಯ ಗಾಳಿಯಲ್ಲಿ ಧೂಳು ಒಣಗಿ ಉದುರುವುದಿಲ್ಲ, ತೇವ ಹಿಡಿದು ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಐದಾರು ವರ್ಷದ ಥರ್ಮಲ್ ಪೇಸ್ಟ್ ಅಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ. ಎಎಂ4 ಎಂಬ ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ಈ ರೈಜನ್‌ಗಳ ಮಿತಿ 90–95 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಬ್ರಷ್ ಹಿಡಿದು ಶುಚಿ ಮಾಡಿ, ಹೊಸ ಪೇಸ್ಟ್ ಹಾಕಿ. ಆಟ ಇನ್ನೂ ಹಾರ್ಡ್ ಡಿಸ್ಕಿನಲ್ಲೇ ಇದ್ದರೆ ಮೊದಲು ಎಸ್‌ಎಸ್‌ಡಿ. ಆ ಮಾತಿಗೆ ಚರ್ಚೆಯೇ ಬೇಡ.

ಯಾವುದರಿಂದ ಅಳೆಯುವುದು

ಇಷ್ಟಾದ ಮೇಲೂ ಬೊಟ್ಟು ಪ್ರೊಸೆಸರಿನ ಕಡೆಗೇ ಇದ್ದರೆ ಆಯ್ಕೆಗೆ ಇಳಿಯಬಹುದು. ಮೊದಲ ಅಳತೆ ಸಾಕೆಟ್ ಮತ್ತು ಬಯೋಸ್: ಬೋರ್ಡು ಒಪ್ಪದ ಚಿಪ್ ಎಷ್ಟು ಅಗ್ಗವಾದರೂ ದುಬಾರಿಯೇ. ಎರಡನೆಯದು ಕೋರ್, ಥ್ರೆಡ್ ಮತ್ತು ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ಅತಿವೇಗದ ಮೆಮೊರಿ). ಈಗಿನ ದೊಡ್ಡ ಆಟಗಳಿಗೆ ಆರು ಕೋರ್, ಹನ್ನೆರಡು ಥ್ರೆಡ್ ನೆಮ್ಮದಿಯ ಅಳತೆ. ನಾಲ್ಕು ಥ್ರೆಡ್ ಸಾಲುವ ಕಾಲ ಮುಗಿಯಿತು. ಮೂರನೆಯದು ಕಾರ್ಡು ಮತ್ತು ಮಾನಿಟರಿನ ಜೋಡಿ. 60 ಹರ್ಟ್ಸ್ ಮಾನಿಟರಿನ ಮುಂದೆ ಕೂತವರಿಗೆ 110 ಎಫ್‌ಪಿಎಸ್ಸೂ 150 ಎಫ್‌ಪಿಎಸ್ಸೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ನಾಲ್ಕನೆಯದು ಒಟ್ಟು ಖರ್ಚು: ಚಿಪ್ಪಿನ ಬೆಲೆಯ ಜೊತೆಗೆ ಕೂಲರ್, ಬೇಕಾದರೆ ಬೋರ್ಡು, ರ‍್ಯಾಮ್, ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಎಲ್ಲ ಸೇರಿಸಿ ಕೂಡಿಸಿ, ಹಳೆಯದು ಮಾರಿ ಬರುವುದನ್ನು ಕಳೆಯಿರಿ. ಕೊನೆಯದಾಗಿ ವಿಂಡೋಸ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ರೈಜನ್‌ನಲ್ಲಿ 2600 ಪಟ್ಟಿಯಲ್ಲಿದೆ, 1600 ಮತ್ತು 2200ಜಿ ಇಲ್ಲ. ವ್ಯಾಲರಂಟ್ ಆಡುವವರು ಗಮನಿಸಬೇಕು: ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳಿಲ್ಲದೆ ತೆರೆಯುವುದಿಲ್ಲ.

ಎಎಂ4 ಬೋರ್ಡು ಇದ್ದವರು ಪುಣ್ಯವಂತರು

ಎ320, ಬಿ350, ಬಿ450, ಎ520, ಬಿ550: ಇವುಗಳಲ್ಲಿ ಯಾವುದಿದ್ದರೂ ಬೋರ್ಡು ಬದಲಿಸುವ ಮಾತು ತೆಗೆಯಬೇಡಿ. ಮೊದಲ ರೈಜನ್‌ಗಳು 2017ರಲ್ಲಿ ಬಂದ ಸಾಕೆಟ್ಟಿಗೇ 2022ರಲ್ಲಿ ಬಂದ 5600 ಕೂರುತ್ತದೆ. 400 ಸರಣಿಯ ಬೋರ್ಡುಗಳಿಗೆ 5000 ಸರಣಿಯ ಬಯೋಸ್ 2021ರ ಆರಂಭದಿಂದ ಬಂತು. 300 ಸರಣಿಗೆ ಎಎಂಡಿ ಮೊದಲು ಆಗುವುದಿಲ್ಲ ಅಂದಿತ್ತು, ಆಮೇಲೆ 2022ರಲ್ಲಿ ಒಪ್ಪಿತು. ಆದರೂ ಎಲ್ಲ ಕಂಪನಿಗಳೂ ಎಲ್ಲ ಎ320 ಬೋರ್ಡಿಗೂ ಹೊಸ ಬಯೋಸ್ ಕೊಟ್ಟಿರುತ್ತವೆ ಎಂದು ಭಾವಿಸಬೇಡಿ. ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು, ರಿವಿಷನ್ ಸಂಖ್ಯೆ ಸಮೇತ, ಓದಿಕೊಂಡು ಆ ಕಂಪನಿಯ ಜಾಲತಾಣದ ಸಿಪಿಯು ಬೆಂಬಲ ಪಟ್ಟಿಯಲ್ಲಿ ನೋಡಿ. ಚಿಪ್ಪಿನ ಹೆಸರಿನ ಎದುರು ಕನಿಷ್ಠ ಯಾವ ಬಯೋಸ್ ಬೇಕು ಎಂದು ಬರೆದಿರುತ್ತದೆ.

ರೈಜನ್ 5 5500: ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಪೆಟ್ಟಿಗೆಯಲ್ಲೇ ರೇತ್ ಸ್ಟೆಲ್ತ್ ಕೂಲರ್. ಎಲ್3 ಕ್ಯಾಶ್ 16 ಎಂಬಿ, ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ) 3.0. ಎಎಂ4ರಲ್ಲಿ ಕೊಳ್ಳಲು ಯೋಗ್ಯವಾದ ಹೊಸ ಚಿಪ್ಪುಗಳ ಪೈಕಿ ಅಗ್ಗದ್ದು ಇದೇ. 2200ಜಿಯಿಂದ ಬರುವವರಿಗೆ ನಾಲ್ಕು ಥ್ರೆಡ್ಡಿನಿಂದ ಹನ್ನೆರಡಕ್ಕೆ, 4 ಎಂಬಿ ಕ್ಯಾಶಿನಿಂದ ನಾಲ್ಕು ಪಟ್ಟಿಗೆ ಏರಿದಂತೆ. ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: 2200ಜಿ, 3200ಜಿ ಚಿಪ್ಪುಗಳು ಗ್ರಾಫಿಕ್ಸ್ ಕಾರ್ಡಿಗೆ ಎಂಟೇ ಲೇನ್ (ಆ ದಾರಿಯ ಸಾಲು) ಕೊಡುತ್ತವೆ, 5500 ಹದಿನಾರು ಕೊಡುತ್ತದೆ. ಜಿಟಿಎಕ್ಸ್ 1650, ಆರ್‌ಎಕ್ಸ್ 570 ವರ್ಗದ ಕಾರ್ಡು ಇಟ್ಟುಕೊಂಡು, ಎರಡು ವರ್ಷದೊಳಗೆ ಕಾರ್ಡು ಬದಲಿಸುವ ಯೋಚನೆ ಇಲ್ಲದವರು ಇಲ್ಲಿಗೇ ನಿಲ್ಲಬಹುದು.

ರೈಜನ್ 5 5600: ಅದೇ ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಅದೇ ಕೂಲರ್. ಮುಖ್ಯ ವ್ಯತ್ಯಾಸ ಎರಡು: ಕ್ಯಾಶ್ 32 ಎಂಬಿ, ಮತ್ತು ಪಿಸಿಐಇ 4.0. ಎರಡನೆಯದನ್ನು ದೊಡ್ಡದಾಗಿ ಹೇಳಿ ಮಾರುತ್ತಾರೆ. ಆದರೆ ಬಿ450, ಬಿ350, ಎ320 ಬೋರ್ಡುಗಳೇ ಪಿಸಿಐಇ 3.0ರವು. ಬೋರ್ಡು 3.0 ಆಗಿರುವಾಗ ಚಿಪ್ಪಿನ 4.0 ಕಟ್ಟಿಟ್ಟ ಬುತ್ತಿ, ಬಿಚ್ಚುವುದಕ್ಕಾಗುವುದಿಲ್ಲ. ಅದು ಉಪಯೋಗಕ್ಕೆ ಬರುವುದು ಬಿ550 ಇದ್ದವರಿಗೆ ಮಾತ್ರ. ಅದರಲ್ಲೂ ನಾಲ್ಕೇ ಲೇನ್ ಇರುವ ಆರ್‌ಎಕ್ಸ್ 6400, 6500 ಎಕ್ಸ್‌ಟಿಯಂಥ ಕಾರ್ಡು ಹಾಕಿದಾಗ. ಹಾಗಾಗಿ ಬಿ450 ಇದ್ದವರು 5500ಕ್ಕೂ 5600ಕ್ಕೂ ನಡುವಿನ ಬೆಲೆಯ ಅಂತರವನ್ನು ಕ್ಯಾಶಿಗೆ ಕೊಡುವ ಬೆಲೆ ಎಂದೇ ತಿಳಿಯಬೇಕು. ಆ ಕ್ಯಾಶ್ ಫಲ ಕೊಡುವುದು ಕಾರ್ಡು ಬಲವಾಗಿದ್ದು, ಮಾನಿಟರ್ 144 ಹರ್ಟ್ಸ್ ಇದ್ದು, ಸಿಎಸ್2, ವ್ಯಾಲರಂಟ್ ತರಹದ ಆಟಗಳನ್ನು ಕಡಿಮೆ ಸೆಟ್ಟಿಂಗಿನಲ್ಲಿ ಆಡುವಾಗ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060 ಅಥವಾ ಅದಕ್ಕೂ ಮೇಲಿನ ಕಾರ್ಡು ಈಗಿದ್ದರೆ, ಅಥವಾ ಮುಂದಿನ ವರ್ಷ ಬರುವುದಿದ್ದರೆ, 5600 ಕೊಳ್ಳಿ. ಹೆಚ್ಚಿನವರಿಗೆ ನಾನು ಹೇಳುವ ಹೆಸರು ಇದೇ. 1600, 2600 ಇದ್ದವರಿಗೆ ಕೋರ್ ಸಂಖ್ಯೆ ಹೆಚ್ಚುವುದಿಲ್ಲ, ಆದರೆ ಒಂದೊಂದು ಕೋರಿನ ವೇಗ ಬಹಳ ಏರುತ್ತದೆ. 5500ರಿಂದ ಅವರಿಗೆ ಸಿಗುವುದು ಅರೆಹೊಟ್ಟೆ, 5600ರಿಂದ ಊಟ.

ರೈಜನ್ 5 3600 ಹೊಸದು ಕೊಳ್ಳುವ ಕಾಲ ಹೋಯಿತು. ಸೆಕೆಂಡ್ ಹ್ಯಾಂಡಿನಲ್ಲಿ ಚೆನ್ನಾಗಿ ಅಗ್ಗವಾಗಿ ಸಿಕ್ಕಿದರೆ, ಅದರಲ್ಲೂ ನಿಮ್ಮ ಎ320 ಬೋರ್ಡಿಗೆ 5000 ಸರಣಿಯ ಬಯೋಸ್ ಬರದೇ 3000 ಸರಣಿಗೇ ನಿಂತಿದ್ದರೆ, ಇದೊಂದು ಒಳ್ಳೆಯ ಹಿಂಬಾಗಿಲು.

ರೈಜನ್ 7 5700ಎಕ್ಸ್ ಎಂಟು ಕೋರಿನದು, 32 ಎಂಬಿ ಕ್ಯಾಶ್, 65 ವ್ಯಾಟ್. ಆಟಕ್ಕಷ್ಟೇ ಆದರೆ 5600ರ ಮೇಲೆ ಇದರ ಮುನ್ನಡೆ ಸಣ್ಣದು. ಆಟದ ಜೊತೆಗೇ ಓಬಿಎಸ್‌ನಲ್ಲಿ ಪ್ರೊಸೆಸರ್ ಮೂಲಕ ಸ್ಟ್ರೀಮ್ ಮಾಡುವವರು, ಮದುವೆಯ ವಿಡಿಯೊ ಎಡಿಟಿಂಗ್ ಅದೇ ಪಿಸಿಯಲ್ಲಿ ಮಾಡಿ ಸಂಪಾದಿಸುವವರು ಯೋಚಿಸಬಹುದು. ಪೆಟ್ಟಿಗೆಯಲ್ಲಿ ಕೂಲರ್ ಇರುವುದಿಲ್ಲ. 120 ಎಂಎಂ ಫ್ಯಾನಿನ ಟವರ್ ಕೂಲರ್ ಒಂದರ ಬೆಲೆ ಸೇರಿಸಿಯೇ ತೂಗಿ, ಕ್ಯಾಬಿನೆಟ್ಟಿನ ಅಗಲ ಸಾಕೇ ಎಂದೂ ಅಳೆಯಿರಿ.

ಭಾವ ತರುವ 5700ಎಕ್ಸ್3ಡಿಯ ವಿಷಯ. 2024ರ ಜನವರಿಯಲ್ಲಿ ಬಂದ ಚಿಪ್, 96 ಎಂಬಿ ಕ್ಯಾಶ್, ಆಟಕ್ಕೆ ಎಎಂ4ರ ತುತ್ತತುದಿಯ ಒಂದೆರಡರಲ್ಲಿ ಒಂದು. ಫ್ಲೈಟ್ ಸಿಮ್ಯುಲೇಟರ್, ರೇಸಿಂಗ್ ಸಿಮ್, ಸಿಎಸ್2 ಆಡುವವರಿಗೆ ಎಫ್‌ಪಿಎಸ್ಸಿನ ಕನಿಷ್ಠ ಮಟ್ಟವೇ ಮೇಲಕ್ಕೆ ಹೋಗುತ್ತದೆ. ಆದರೆ ಕೂಲರ್ ಬೇರೆ ತೆಗೆದುಕೊಳ್ಳಬೇಕು, ನಮೂದಿಸಿದ ವಿದ್ಯುತ್ ಅಳತೆ 105 ವ್ಯಾಟ್. ವಿದ್ಯುತ್ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇಲ್ಲದ ಎ320 ಬೋರ್ಡಿಗೆ ನಾನಂತೂ ಹಾಕೆನ್ನುವುದಿಲ್ಲ. ಹೊಸದು ಸಿಗುವುದೂ ಈಗ ಕಷ್ಟ, ಸಿಕ್ಕಲ್ಲಿ ಬೆಲೆ ಏರಿರುತ್ತದೆ. ಜಿಟಿಎಕ್ಸ್ 1650 ಇಟ್ಟುಕೊಂಡು ಇದನ್ನು ತರಿಸುವುದಕ್ಕಿಂತ, 5600 ಕೊಂಡು ಉಳಿದ ಹಣವನ್ನು ಕಾರ್ಡಿಗೆ ಹಾಕುವುದು ಮೇಲು. ಬಿ450, ಬಿ550 ಬೋರ್ಡು, ಆರ್‌ಟಿಎಕ್ಸ್ 4060 ಅಥವಾ ಮೇಲಿನ ಕಾರ್ಡು, 144 ಹರ್ಟ್ಸ್ ಮಾನಿಟರ್ ಮೂರೂ ಇದ್ದರೆ ಮಾತ್ರ ಭಾವನಿಗೆ ಹೇಳಿ. ವಾರಂಟಿ ಇಲ್ಲಿ ನಡೆಯುತ್ತದೆಯೇ, ಅಲ್ಲಿಯ ಅಂಗಡಿಗೇ ಮರಳಿಸಬೇಕೇ ಎಂದು ಬಿಲ್ ಮಾಡುವ ಮೊದಲೇ ಕೇಳಿಸಿ.

ಹೆಸರಿನಿಂದ ಬೇಸ್ತು ಬೀಳಿಸುವ ಚಿಪ್ಪುಗಳೂ ಇವೆ. ರೈಜನ್ 5 4500 ಹಳೆಯ ವಿನ್ಯಾಸದ್ದು, ಕ್ಯಾಶ್ ಬರೇ 8 ಎಂಬಿ; 5500ಕ್ಕಿಂತ ಸ್ವಲ್ಪ ಅಗ್ಗ ಅಂತ ಕೊಟ್ಟರೆ ಬೇಡ. ರೈಜನ್ 7 5700, ಕೊನೆಯ ಎಕ್ಸ್ ಇಲ್ಲದ್ದು, 5700ಎಕ್ಸ್‌ನ ತಮ್ಮನಂತೆ ಕಂಡರೂ ಕ್ಯಾಶ್ 16 ಎಂಬಿ ಮಾತ್ರ. ಬಿಲ್ಲಿನಲ್ಲಿ ಪೂರ್ತಿ ಹೆಸರು ಓದಿ.

ಗ್ರಾಫಿಕ್ಸ್ ಕಾರ್ಡು ಇಲ್ಲದೆ 2200ಜಿಯ ಒಳಗಿನ ವೇಗಾ 8ರಲ್ಲೇ ಆಡುತ್ತಿರುವವರಿಗೆ ಒಂದು ಎಚ್ಚರಿಕೆ: 5500, 5600, 5700ಎಕ್ಸ್ ಯಾವುದರಲ್ಲೂ ಒಳಗ್ರಾಫಿಕ್ಸ್ ಇಲ್ಲ. ಹಾಕಿದರೆ ಪರದೆ ಕಪ್ಪು. 5600ಜಿಯಲ್ಲಿ ಇದೆ, ಆದರೆ ಅದರ ವೇಗಾ 7 ನಿಮ್ಮ ಈಗಿನದಕ್ಕಿಂತ ಮುಂದಿದ್ದರೂ ಕಾರ್ಡಿನ ಜಾಗ ತುಂಬುವುದಿಲ್ಲ. ಇಂಥವರು ಮೊದಲು ಕಾರ್ಡು ಕೊಳ್ಳಲಿ, ಪ್ರೊಸೆಸರ್ ಆಮೇಲೆ.

ಇಂಟೆಲ್ ಹಳೆ ಬೋರ್ಡುಗಳ ಕತೆ

ಇಲ್ಲಿ ದಾರಿ ಬೇಗ ಮುಗಿಯುತ್ತದೆ. ಎಲ್‌ಜಿಎ 1151 ಎಂದು ಒಂದೇ ಹೆಸರಿದ್ದರೂ ಎಚ್110, ಬಿ250 ಬೋರ್ಡುಗಳು ಆರು-ಏಳನೆಯ ತಲೆಮಾರಿಗೆ, ಎಚ್310, ಬಿ360, ಬಿ365 ಬೋರ್ಡುಗಳು ಎಂಟು-ಒಂಬತ್ತನೆಯ ತಲೆಮಾರಿಗೆ. ಚಿಪ್ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಐ3-8100 ಇದ್ದವರಿಗೆ ಅರ್ಥವಿರುವ ಏರಿಕೆ ಒಂದೇ: ಆರು ಕೋರ್, ಹನ್ನೆರಡು ಥ್ರೆಡ್ಡಿನ ಐ7-8700. ಐ5-9400ಎಫ್‌ನಲ್ಲಿ ಆರು ಕೋರಿಗೆ ಆರೇ ಥ್ರೆಡ್. ಈಗ ಅದನ್ನು ಕೊಂಡರೆ ತಡೆತಡೆ ಮತ್ತೆ ಬರುತ್ತದೆ. ತೊಂದರೆ ಏನೆಂದರೆ ಆ ಸಾಕೆಟ್ಟಿನ ಪ್ರತಿಯೊಬ್ಬರೂ ಹುಡುಕುವುದು ಅದೇ ಐ7ಗಳನ್ನು, ಹಾಗಾಗಿ ಹಳೆಯದಾದರೂ ಬೆಲೆ ಇಳಿಯುವುದಿಲ್ಲ. ನನ್ನ ಲೆಕ್ಕ ಹೀಗೆ: ಹೊಸ ಐ5-12400ಎಫ್ ಮತ್ತು ಎಚ್610 ಬೋರ್ಡು ಎರಡೂ ಸೇರಿ ಆಗುವ ಮೊತ್ತದ ಅರ್ಧಕ್ಕಿಂತ ಕಡಿಮೆಗೆ ಐ7-8700 ಸಿಕ್ಕಿದರೆ ಸರಿ, ಇಲ್ಲವಾದರೆ ಮುಂದೆ ಹೋಗಿ. ಎಚ್310 ಬೋರ್ಡಿಗೆ ಐ9-9900ಕೆ ಹಾಕುವ ಸಾಹಸ ಬೇಡ, ಬೋರ್ಡಿನ ವಿದ್ಯುತ್ ಭಾಗ ಸುಸ್ತಾಗುತ್ತದೆ.

ಎಚ್110ರಲ್ಲಿ ಐ7-7700 ನಾಲ್ಕು ಕೋರ್, ಎಂಟು ಥ್ರೆಡ್; ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಯಾರಾದರೂ ಸುಮ್ಮನೆ ಕೊಟ್ಟರೆ ಹಾಕಿಕೊಳ್ಳಿ. ಎಲ್‌ಜಿಎ 1200ರ ಐ3-10100ಎಫ್ ಇದ್ದವರಿಗೆ ಐ5-10400ಎಫ್ ಸರಳ ಹೆಜ್ಜೆ. ಎಚ್510, ಬಿ560 ಇದ್ದರೆ ಐ5-11400ಎಫ್ ಕೂಡ ಆಗುತ್ತದೆ. ಎಚ್410, ಬಿ460 ಬೋರ್ಡುಗಳು ಸಾಮಾನ್ಯವಾಗಿ ಹನ್ನೊಂದನೆಯ ತಲೆಮಾರನ್ನು ಒಪ್ಪುವುದಿಲ್ಲ.

ಇನ್ನು ಕಚೇರಿಗಳಿಂದ ಬಂದ ನಾಲ್ಕನೆಯ ತಲೆಮಾರಿನ ಐ5 ಪಿಸಿಗಳು. ಐ7-4770 ಅಥವಾ ಇಂಟೆಲ್‌ನ ಸರ್ವರ್ ಚಿಪ್ಪಾದ ಕ್ಸಿಯಾನ್ ಇ3-1231 ವಿ3 ಹಾಕಿದರೆ ನಾಲ್ಕು ಥ್ರೆಡ್ ಎಂಟಾಗುತ್ತದೆ, ಅಷ್ಟೇ. ಬ್ರ್ಯಾಂಡೆಡ್ ಡಬ್ಬಗಳಲ್ಲಿ ಬಯೋಸ್ ಕ್ಸಿಯಾನನ್ನು ಒಪ್ಪದಿರಬಹುದು, ಎಸ್‌ಎಂಪಿಎಸ್ ಕನೆಕ್ಟರ್ ಕೂಡ ಆ ಕಂಪನಿಯದೇ ವಿಶೇಷ ಅಳತೆಯದು. ಎರಡು-ಮೂರನೆಯ ತಲೆಮಾರಿನ ಚಿಪ್ಪುಗಳಲ್ಲಿ ಎವಿಎಕ್ಸ್2 ಸೂಚನೆಗಳೇ ಇಲ್ಲ, ಅದನ್ನು ಬೇಡುವ ಆಟಗಳು ಅಲ್ಲಿ ತೆರೆಯುವುದೇ ಇಲ್ಲ. ಇಂಥ ಪಿಸಿಗೆ ಹಣ ಸುರಿಯದೆ ಕೂಡಿಡಿ. ಆನ್‌ಲೈನಿನಲ್ಲಿ ಎಕ್ಸ್79, ಎಕ್ಸ್99 ಚೀನಾ ಬೋರ್ಡು ಮತ್ತು ಹತ್ತು-ಹನ್ನೆರಡು ಕೋರಿನ ಹಳೆಯ ಸರ್ವರ್ ಕ್ಸಿಯಾನ್ ಸೇರಿಸಿ ಅಗ್ಗಕ್ಕೆ ಮಾರುತ್ತಾರೆ. ಕೋರ್ ಎಷ್ಟಿದ್ದರೇನು, ಒಂದೊಂದು ಕೋರ್ ನಿಧಾನ. ಆಟಕ್ಕೆ ಬೇಕಾದದ್ದು ಅದೇ ವೇಗ.

ಬೋರ್ಡು ಸಮೇತ ಬದಲಿಸುವುದಾದರೆ

ನಿಮ್ಮಲ್ಲಿ ಡಿಡಿಆರ್4 ರ‍್ಯಾಮ್ 16 ಜಿಬಿ ಇದ್ದರೆ ಐ5-12400ಎಫ್ ಮತ್ತು ಡಿಡಿಆರ್4 ಎಚ್610 ಅಥವಾ ಬಿ660 ಬೋರ್ಡಿನ ಜೋಡಿ ಖರ್ಚನ್ನು ಹತೋಟಿಯಲ್ಲಿಡುತ್ತದೆ. ಆರು ಕೋರ್, ಹನ್ನೆರಡು ಥ್ರೆಡ್. ಆಟದಲ್ಲಿ 5600ರ ಸಮಸಮಕ್ಕೆ ನಿಲ್ಲುತ್ತದೆ. ಎಚ್610 ಡಿಡಿಆರ್4ಕ್ಕೂ ಬರುತ್ತದೆ, ಡಿಡಿಆರ್5ಕ್ಕೂ ಬರುತ್ತದೆ, ಹೆಸರಿನ ಬಾಲದಲ್ಲಿ ಸಣ್ಣ ವ್ಯತ್ಯಾಸ ಮಾತ್ರ. ತಪ್ಪು ಬೋರ್ಡು ತಂದರೆ ಹಳೆಯ ಕಡ್ಡಿ ಕೂರುವುದೇ ಇಲ್ಲ. ಐ3-12100ಎಫ್ ಇನ್ನೂ ಅಗ್ಗ, ಒಂಟಿ ಕೋರಿನ ವೇಗ ಚೆನ್ನಾಗಿದೆ, ಆದರೆ ನಾಲ್ಕೇ ಕೋರ್. ವ್ಯಾಲರಂಟ್ ಮಾತ್ರ ಆಡುವ ಹುಡುಗರಿಗೆ ಸಾಕು, ಸೈಬರ್‌ಪಂಕ್‌ಗೆ ಬೇಡ. ಎಫ್ ಅಕ್ಷರವಿದ್ದ ಇಂಟೆಲ್ ಚಿಪ್ಪಿನಲ್ಲೂ ಒಳಗ್ರಾಫಿಕ್ಸ್ ಇಲ್ಲವೆಂದು ನೆನಪಿಡಿ.

ಎಎಂಡಿಯ ಹೊಸ ಸಾಕೆಟ್ ಎಎಂ5 ಉದ್ದ ದಾರಿ. ರೈಜನ್ 5 7500ಎಫ್ ಅಥವಾ 7600, ಬಿ650 ಬೋರ್ಡು, ಡಿಡಿಆರ್5 ರ‍್ಯಾಮ್. ಈ ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಚಿಪ್ ಕೊಡುತ್ತೇವೆಂದು ಎಎಂಡಿ ಹೇಳಿದೆ, ಅದೇ ಇದರ ದೊಡ್ಡ ಬಲ. ಡಿಡಿಆರ್4 ಕಡ್ಡಿ ಇದಕ್ಕೆ ಆಗುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಈ ದಾರಿ ಇನ್ನೂ ಕಡಿದಾಗಿದೆ. ಕೈಯಲ್ಲಿರುವ ಡಿಡಿಆರ್4 ಕಡ್ಡಿಗಳ ಬೆಲೆಯೂ ಹೆಚ್ಚಿದೆ ಎಂಬುದನ್ನು ಮರೆಯಬೇಡಿ. 8400ಎಫ್ ಅಗ್ಗವೆಂದು ತೋರಿಸಿದರೆ, ಅದರ ಕ್ಯಾಶ್ 16 ಎಂಬಿ ಎಂದು ತಿಳಿದು ಬೆಲೆ ಮಾತಾಡಿ.

ಎಲ್ಲಿ ಕೊಳ್ಳುವುದು

ಗಡಿಯಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: ಮಂಗಳೂರಿನಲ್ಲಿ ಕೊಂಡರೆ ತೆರಿಗೆ ಕಡಿಮೆಯಾ? ಇಲ್ಲ, ಪ್ರೊಸೆಸರಿಗೆ ಜಿಎಸ್‌ಟಿ ಗಡಿಯ ಆಚೆಗೂ ಈಚೆಗೂ 18 ಶೇಕಡಾ. ಲಾಭವಿರುವುದು ಬೇರೆ ಕಡೆ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಬೋರ್ಡನ್ನೇ ಹಿಡಿದುಕೊಂಡು ರೈಲು ಹತ್ತಿದರೆ ಅಂಗಡಿಯಲ್ಲೇ ಹೊಸ ಚಿಪ್ ಹಾಕಿ ನೋಡಿ ತರಬಹುದು, ಹಳೆಯದನ್ನು ಎಕ್ಸ್‌ಚೇಂಜಿಗೆ ಕೇಳಲೂಬಹುದು. ಪೆಟ್ಟಿಗೆಯ ಚಿಪ್ಪಿಗೆ ಕಂಪನಿಯ ಮೂರು ವರ್ಷದ ವಾರಂಟಿ. ಟ್ರೇ ಚಿಪ್ಪಿಗೆ (ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವಂಥದ್ದು) ಅಂಗಡಿಯವರು ಕೊಟ್ಟಷ್ಟೇ, ಕೂಲರೂ ಇರುವುದಿಲ್ಲ. ಟ್ರೇಯ ಬೆಲೆಗೆ ಕೂಲರಿನ ಬೆಲೆ ಸೇರಿಸಿದರೆ ಎಷ್ಟೋ ಸಲ ಪೆಟ್ಟಿಗೆಯೇ ಅಗ್ಗ.

ಸೆಕೆಂಡ್ ಹ್ಯಾಂಡ್ ಎಎಂ4 ಚಿಪ್ ಕೊಳ್ಳುವಾಗ ಅಡಿಯ ಪಿನ್ನುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಾಲು ಎಲ್ಲೂ ಮುರಿಯಬಾರದು. ಮೂಲೆಯ ಪಿನ್ ತುಸು ಬಾಗಿದ್ದರೆ ನೇರ ಮಾಡಬಹುದು, ಮುರಿದಿದ್ದರೆ ಕೈಮುಗಿದು ಬನ್ನಿ. ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡಿನ ಸಾಕೆಟ್ಟಿನಲ್ಲಿ, ಹಾಗಾಗಿ ಹಳೆಯ ಬೋರ್ಡು ಕೊಳ್ಳುವಾಗ ಅಲ್ಲಿ ನೋಡಿ.

ಹಾಕುವಾಗ ಎಲ್ಲಿ ಕೆಡುತ್ತದೆ

ಬಯೋಸ್ ಅಪ್‌ಡೇಟ್ ಹಳೆಯ ಚಿಪ್ ಇರುವಾಗಲೇ ಮುಗಿಸಬೇಕು. ಹೊಸದು ಹಾಕಿದ ಮೇಲೆ ಪರದೆ ಬರದಿದ್ದರೆ ಅಪ್‌ಡೇಟ್ ಮಾಡುವುದಾದರೂ ಹೇಗೆ? 32 ಜಿಬಿಯೊಳಗಿನ ಪೆನ್‌ಡ್ರೈವನ್ನು ಫ್ಯಾಟ್32 ಮಾಡಿ, ಫೈಲ್ ಹಾಕಿ, ಬಯೋಸಿನ ಒಳಗಿನ ಫ್ಲ್ಯಾಶ್ ಸಲಕರಣೆಯಿಂದಲೇ ಮಾಡಿ, ವಿಂಡೋಸಿನೊಳಗಿಂದ ಬೇಡ. ಬಹಳ ಹಳೆಯ ಆವೃತ್ತಿಯಿಂದ ನೇರ ಹೊಸದಕ್ಕೆ ಹಾರಲು ಕೆಲವು ಬೋರ್ಡುಗಳು ಬಿಡುವುದಿಲ್ಲ, ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕು. ಡೌನ್‌ಲೋಡ್ ಪುಟದ ಟಿಪ್ಪಣಿ ಓದಿ. ಹೊಸ ಬಯೋಸ್ ಕೆಲವು ಹಳೆಯ ಚಿಪ್ಪುಗಳ ಬೆಂಬಲ ಕಿತ್ತುಹಾಕುವುದೂ ಉಂಟು.

ಫ್ಲ್ಯಾಶ್ ನಡೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಸತ್ತಂತೆಯೇ. ತುಲಾ ತಿಂಗಳ ಮಧ್ಯಾಹ್ನದ ಗುಡುಗು-ಮಿಂಚಿನ ಹೊತ್ತಿನಲ್ಲಿ, ಆಟಿಯ ಮಳೆ-ಗಾಳಿಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಆಕಾಶ ತಿಳಿಯಾಗಿರುವ ಬೆಳಿಗ್ಗೆ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನುವವರು ಅದರ ಹಿಂದಿನ ಸ್ವಿಚ್ ನೋಡಿ: ಹಲವು ಇನ್ವರ್ಟರುಗಳಲ್ಲಿ ಸಾಧಾರಣ ಮತ್ತು ಯುಪಿಎಸ್ ಎಂದು ಎರಡು ಸ್ಥಾನಗಳಿವೆ. ಸಾಧಾರಣದಲ್ಲಿದ್ದರೆ ಫ್ಯಾನ್, ದೀಪಕ್ಕೆ ತಿಳಿಯುವುದಿಲ್ಲ, ಪಿಸಿ ಮಾತ್ರ ಆರಿ ಹೊತ್ತುತ್ತದೆ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಎಎಂಡಿಯ ಟಿಪಿಎಂ ಪ್ರೊಸೆಸರಿನ ಒಳಗೇ ಇರುವುದರಿಂದ ಚಿಪ್ ಬದಲಾದ ಕೂಡಲೇ ಹಳೆಯ ಬೀಗದ ಕೀ ಹೋಗುತ್ತದೆ. ಮೊದಲ ಬಾರಿ ಆನ್ ಮಾಡಿದಾಗ ಎಫ್‌ಟಿಪಿಎಂ (ಅದೇ ಒಳಗಿನ ಟಿಪಿಎಂ) ರೀಸೆಟ್ ಮಾಡಲೇ ಎಂದು ಕಪ್ಪು ಪರದೆಯಲ್ಲಿ ಕೇಳುವುದು ಇದಕ್ಕೇ. ಕೀ ಕೈಯಲ್ಲಿದ್ದರೆ ಧೈರ್ಯವಾಗಿ ಹೌದೆನ್ನಿ.

ಕೂಲರ್ ಬಿಚ್ಚುವ ಮೊದಲು ಹತ್ತು ನಿಮಿಷ ಆಟ ಓಡಿಸಿ ಪೇಸ್ಟ್ ಬೆಚ್ಚಗಾಗಲಿ. ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲ ತಿರುಚಿ ಸಡಿಲಿಸಿ. ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಎಎಂ4 ಚಿಪ್ ಅಂಟಿಕೊಂಡೇ ಕಿತ್ತುಬರುತ್ತದೆ, ಪಿನ್ ಬಾಗುವುದು ಹೆಚ್ಚಾಗಿ ಹೀಗೆಯೇ. ಹೊಸ ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಸರಿಹೊಂದಿಸಿ ಸುಮ್ಮನೆ ಇಡಿ, ಒತ್ತಬೇಡಿ. ತನ್ನ ಭಾರಕ್ಕೇ ಇಳಿಯಬೇಕು. ರೇತ್ ಸ್ಟೆಲ್ತ್‌ನ ಅಡಿಯಲ್ಲಿ ಪೇಸ್ಟ್ ಮೊದಲೇ ಇರುತ್ತದೆ, ಮೇಲೆ ಮತ್ತೆ ಬಳಿಯಬೇಡಿ. ನಾಲ್ಕು ಸ್ಕ್ರೂಗಳನ್ನು ಎದುರು ಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತಿನ ಹಾಗೆ ಬಿಗಿಯಿರಿ.

ಮೊದಲ ಬಾರಿ ಆನ್ ಮಾಡಿದಾಗ ಎರಡು-ಮೂರು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು, ರ‍್ಯಾಮನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಬಟನ್ ಒತ್ತಬೇಡಿ. ಐದು ನಿಮಿಷ ಕಳೆದರೂ ಏನೂ ಬರದಿದ್ದರೆ ವೈರ್ ಕಿತ್ತು, ಸಿಆರ್2032 ಬ್ಯಾಟರಿ ತೆಗೆದು, ಕೆಲವು ನಿಮಿಷ ಬಿಟ್ಟು ಹಾಕಿ. ಆರೇಳು ವರ್ಷದ ಬೋರ್ಡಿನಲ್ಲಿ ಆ ಬ್ಯಾಟರಿಯೇ ಮುಗಿದಿರುವ ಸಂಭವ ಹೆಚ್ಚು, ಹೊಸದನ್ನೇ ಹಾಕಿಬಿಡಿ. ಆಮೇಲೂ ಬಾರದಿದ್ದರೆ ಒಂದೇ ರ‍್ಯಾಮ್ ಕಡ್ಡಿಯಲ್ಲಿ ನೋಡಿ. ಬಂದ ಮೇಲೆ ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಅಪ್‌ಡೇಟಿನಲ್ಲಿ ಅದು ಅಳಿಸಿಹೋಗಿರುತ್ತದೆ. ಅದನ್ನು ಮರೆತು, ಹೊಸ ಚಿಪ್ಪಿನಲ್ಲೂ ರ‍್ಯಾಮ್ 2133ರಲ್ಲೇ ಓಡುತ್ತಿರುವ ಪಿಸಿಗಳು ಕಮ್ಮಿಯೇನಿಲ್ಲ.